ಒಂದೇ ಕಮಾನನ್ನು ಎರಡು ದಿಕ್ಕಿಗೆ ನಡೆಸಿದ ಮಾನ್ಯ ಅಕ್ಕ–ತಮ್ಮಂದಿರಿಗೆ

ನಮ್ಮ ಯುವ ತಂತಿವಾದ್ಯ ಆರ್ಕೆಸ್ಟ್ರಾದ ಹಿರಿಯ ನಿರ್ದೇಶಕಿಯಾಗಿ ಮಕ್ಕಳೆಲ್ಲರಿಂದ ಮೇಡಂ ಎನಿಸಿಕೊಂಡಿರುವ ಮಾನ್ಯರೇ, ಹಾಗೂ ಅವರಿಗಿಂತ ನಾಲ್ಕು ವರ್ಷ ಕಿರಿಯರಾದರೂ ಮಾನ್ಯತೆಯಲ್ಲಿ ಕೂದಲೆಳೆಯಷ್ಟೂ ಕಡಿಮೆಯಿಲ್ಲದ, ಅವರ ಒಡಹುಟ್ಟಿದ ಸರ್ ಅವರೇ,

ತಾವಿಬ್ಬರೂ ಕ್ಷೇಮವೆಂದು ನಂಬಿದ್ದೇನೆ. ಈ ಮಧ್ಯಾಹ್ನ ತಾವಿಬ್ಬರೂ ಒಬ್ಬರ ಭುಜ ಒಬ್ಬರು ತಟ್ಟಿಕೊಂಡು ನಗುತ್ತ ಮೆಟ್ಟಿಲಿಳಿದು ಹೋದದ್ದನ್ನು ಕಿಟಕಿಯಿಂದ ನೋಡಿದ್ದೇನಾದ್ದರಿಂದ ಈ ನಂಬಿಕೆಗೆ ಆಧಾರವೂ ಇದೆ. ನಾನು ಕ್ಷೇಮವಾಗಿಲ್ಲ.

ಇಂದು ಬೆಳಿಗ್ಗೆ ಒಂಬತ್ತಕ್ಕೆ ಸಂಗೀತದ ಹಾಳೆಗಳ ಬೀರು ತೆಗೆದಾಗ, ವಿಯೋಲಾದವರ ಎರಡನೆಯ ಸ್ಟ್ಯಾಂಡಿಗೆ ಸೇರಿದ ಪ್ರತಿಯಲ್ಲಿ ಒಂದು ತೂತು ಕಂಡಿತು. ಇಲಿ ಕೊರೆದದ್ದಲ್ಲ, ಹುಳು ತಿಂದದ್ದಲ್ಲ. ನಿಧಾನಗತಿಯ ತುಣುಕಿನ ನಲವತ್ತೊಂದನೆಯ ಬಾರಿನಲ್ಲಿ, ಎಂದರೆ ಎರಡು ನಿಲುಗೆರೆಗಳ ನಡುವಿನ ಮನೆಯಲ್ಲಿ, ಅಂಗಿಯ ಗುಂಡಿಯಷ್ಟಗಲ, ಅಂಚೆಲ್ಲ ನವಿರಾಗಿ ಸವೆದಿದ್ದ ಆ ತೂತು ರಬ್ಬರಿನ ಕೆಲಸ. ತಿಂಗಳುಗಟ್ಟಲೆ ಉಜ್ಜಿ ತೆಳುವಾಗಿದ್ದ ಕಾಗದ ನಿನ್ನೆಯ ತನಕ ಹೇಗೋ ತಡೆದುಕೊಂಡಿತ್ತು. ಅದರ ಮೂಲಕ ಅಡಿಯ ಹಾಳೆಯ ಒಂದು ಕಪ್ಪು ಸ್ವರ ನನ್ನನ್ನೇ ಇಣುಕಿ ನೋಡುತ್ತಿತ್ತು. ಅಂಟುಪಟ್ಟಿ ಹಚ್ಚೋಣವೆಂದುಕೊಳ್ಳುವಷ್ಟರಲ್ಲಿ ಚೆಲ್ಲೋ ವಾದ್ಯ ಹೊತ್ತ ಮಕ್ಕಳು ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡು ಕೂಗಿದರು, ನಾನು ಓಡಿದೆ, ತೂತು ತೂತಾಗಿಯೇ ಉಳಿಯಿತು. ಆ ತೂತಿನ ದೆಸೆಯಿಂದಲೇ ತಾವು ಇಂದು ಮಕ್ಕಳೆಲ್ಲರ ಎದುರಿಗೆ, ಬರುವ ಭಾನುವಾರದ ಕಾರ್ಯಕ್ರಮದಲ್ಲಿ ಆ ತುಣುಕನ್ನು ನಾನೇ ಮುಂದೆ ನಿಂತು, ತಾಳದ ಕೋಲು ಹಿಡಿದು ನಡೆಸಬೇಕೆಂದೂ, ನಾನು ಒಪ್ಪದಿದ್ದರೆ ಅದನ್ನು ಪಟ್ಟಿಯಿಂದಲೇ ಕಿತ್ತುಹಾಕುವುದಾಗಿಯೂ, ಉತ್ತರ ಸಂಜೆ ಆರರೊಳಗೆ ಬೇಕೆಂದೂ ಅಪ್ಪಣೆ ಕೊಡಿಸಿದಿರಿ. ಬಾಯಿಂದ ಬಾರದ್ದು ಕೈಯಿಂದಾದರೂ ಬಂದೀತೆಂದು ಈ ದೂರನ್ನು ಬರೆದು, ಹಾಜರಿ ಪಟ್ಟಿಯ ಪಕ್ಕದಲ್ಲಿ, ಎಲ್ಲರೂ ಓದುವಂತೆ ನಾಲ್ಕು ಪಿನ್ನು ಚುಚ್ಚಿ ಹಚ್ಚುತ್ತಿದ್ದೇನೆ.

ಈ ಫಲಕದ ಮುಂದೆ ನಿಂತು ಓದುವ ತಂದೆತಾಯಿಗಳಲ್ಲಿ ಹಲವರಿಗೆ ನಾನು ಯಾರೆಂದೇ ತಿಳಿದಿರಲಾರದು. ಅದರಲ್ಲಿ ಅವರ ತಪ್ಪೇನೂ ಇಲ್ಲ. ಎಂಟು ವರ್ಷ ವಿಯೋಲಾದ ಕೊನೆಯ ಸ್ಟ್ಯಾಂಡಿನ ಒಳಗಿನ ಕುರ್ಚಿಯಲ್ಲಿ ಕೂತವಳು ನಾನು. ವಿಯೋಲಾ ಎಂದರೆ ವಯಲಿನ್ನಿನ ಅಕ್ಕ. ಮೈ ತುಸು ದೊಡ್ಡದು, ದನಿ ತುಸು ದಪ್ಪ, ಮನೆಗೆ ಬಂದವರೆಲ್ಲ ಮೊದಲು ತಂಗಿಯನ್ನೇ ಮಾತಾಡಿಸುತ್ತಾರೆ. ಒಳಗಿನ ಕುರ್ಚಿ ಎಂದರೆ, ಪಕ್ಕದವರು ನುಡಿಸುತ್ತಲೇ ಇರುವಾಗ ತಾನು ನಿಲ್ಲಿಸಿ ಹಾಳೆ ತಿರುವುವವರ ಕುರ್ಚಿ. ಆ ಕೆಲಸ ನನಗೆ ಬಹಳ ಹಿಡಿಸಿತ್ತು. ಇಪ್ಪತ್ತೆರಡು ತುಂಬಿ ‘ಯುವ’ ಎಂಬ ವಿಶೇಷಣದಿಂದ ಹೊರಬಿದ್ದ ಮೇಲೆ, ಸಾಹಿತ್ಯದ ಪದವಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಇದೇ ಕಟ್ಟಡದ ಮೆಟ್ಟಿಲ ಮೇಲೆ ಕೂತಿದ್ದಾಗ, ತಾವು ದಯೆಯಿಟ್ಟು ಬೀರುವಿನ ಬೀಗದ ಕೈಯನ್ನೂ ಒಂದು ರಬ್ಬರನ್ನೂ ನನ್ನ ಕೈಗಿತ್ತಿರಿ. ಒಂದು ರಬ್ಬರು ಎಷ್ಟು ದಿನ ಬಾಳುತ್ತದೆಂದು ಮಾತ್ರ ಯಾರೂ ಹೇಳಲಿಲ್ಲ.

ಮೂವತ್ತು ಮಕ್ಕಳು, ಇಬ್ಬರಿಗೊಂದರಂತೆ ಹದಿನೈದು ಸ್ಟ್ಯಾಂಡು, ಸ್ಟ್ಯಾಂಡಿಗೊಂದು ಪ್ರತಿ. ಒಂದೇ ವಾದ್ಯದವರ ಕಮಾನುಗಳೆಲ್ಲ ಒಟ್ಟಿಗೆ ಹೋಗಿ ಒಟ್ಟಿಗೆ ಬರಬೇಕು, ಇಲ್ಲದಿದ್ದರೆ ಒಬ್ಬರ ಕಮಾನು ಇನ್ನೊಬ್ಬರ ಕಿವಿಗೆ ತಾಗುವುದಷ್ಟೇ ಅಲ್ಲ, ರಾಗವೂ ಅಡ್ಡಾದಿಡ್ಡಿಯಾಗುತ್ತದೆ. ಅದಕ್ಕಾಗಿ ಸ್ವರಗಳ ತಲೆಯ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತೇವೆ: ಕಮಾನನ್ನು ಎಳೆಯಲು ಎರಡು ಕಾಲಿನ ಪುಟ್ಟ ಮೇಜು, ತಳ್ಳಲು ಬಾಯಿ ತೆರೆದ ಹಕ್ಕಿಯ ಕೊಕ್ಕು. ಎಲ್ಲಿ ಮೇಜು, ಎಲ್ಲಿ ಕೊಕ್ಕು ಎಂದು ತೀರ್ಮಾನಿಸುವವರು ನಿರ್ದೇಶಕರು. ಬೇರೆ ಆರ್ಕೆಸ್ಟ್ರಾಗಳಿಗೆ ಅಂಥವರು ಒಬ್ಬರೇ ಇರುತ್ತಾರೆಂದು ಕೇಳಿದ್ದೇನೆ. ಪಾಪ, ಅವರ ಬಡತನ.

ಮಂಗಳವಾರದ ತಾಲೀಮು ಮೇಡಂ ಅವರದು. ಅವರು ಕನ್ನಡಕವನ್ನು ಹಣೆಗೇರಿಸಿ, “ಈ ಸಾಲು ನೆಲದಿಂದ ಮೇಲೇಳಬೇಕು ಮಕ್ಕಳೇ, ಎಳೀರಿ, ಗಟ್ಟಿಯಾಗಿ ಎಳೀರಿ” ಎನ್ನುತ್ತಾರೆ, ಮಕ್ಕಳು ಎಳೆಯುತ್ತಾರೆ, ಸಾಲು ನೆಲದಿಂದ ಏಳುತ್ತದೆ. ಶುಕ್ರವಾರದ್ದು ಸರ್ ಅವರದು. ಅವರು ತೋಳು ಮಡಚಿ, “ಎಳೆಯೋಕೆ ಯಾರ್ರೋ ಹೇಳಿದ್ದು? ಇದೇನು ಸೋಫಾ ಸಾಗಿಸ್ತಿದ್ದೀವಾ? ಉಸಿರು ತಗೊಳ್ಳೋ ಹಾಗೆ ತಳ್ಳಿ” ಎನ್ನುತ್ತಾರೆ, ಮಕ್ಕಳು ತಳ್ಳುತ್ತಾರೆ, ಸಾಲು ಉಸಿರು ತೆಗೆದುಕೊಳ್ಳುತ್ತದೆ. ಸೋಮವಾರ ನಾನು ಹದಿನೈದು ಪ್ರತಿಗಳ ಕೊಕ್ಕುಗಳನ್ನು ಒರೆಸಿ ಮೇಜು ಹಾಕುತ್ತೇನೆ. ಗುರುವಾರ ಮೇಜುಗಳನ್ನು ಒರೆಸಿ ಕೊಕ್ಕು ಬಿಡಿಸುತ್ತೇನೆ. ವಿಯೋಲಾದ ಎರಡನೆಯ ಸ್ಟ್ಯಾಂಡಿನ ಚೋಟುದ್ದದ ಹುಡುಗಿಯಂತೂ ಒಳಗೆ ಬರುವಾಗ ಸ್ವರ ಶ್ರುತಿ ಏನನ್ನೂ ವಿಚಾರಿಸುವುದಿಲ್ಲ. “ಅಕ್ಕಾ, ಇವತ್ತು ಎಳೆಯೋ ದಿನಾನಾ ತಳ್ಳೋ ದಿನಾನಾ?” ಎಂದಷ್ಟೇ ಕೇಳಿ ಕೂರುತ್ತಾಳೆ.

ತಾವಿಬ್ಬರೂ ಮಕ್ಕಳ ಮುಂದೆ ಒಂದು ದಿನವೂ ಜಗಳವಾಡಿದವರಲ್ಲ ಎಂಬುದನ್ನು ನಾನು ಎಲ್ಲಿ ಬೇಕಾದರೂ ಹೇಳಬಲ್ಲೆ. ಅಂಥ ಸಭ್ಯತೆ ಎಲ್ಲರಿಗೂ ಒಲಿಯುವಂಥದ್ದಲ್ಲ. ಅದಕ್ಕೆ ನಡುವೆ ಒಬ್ಬಳು ಬೇಕಾಗುತ್ತದೆ. “ನೋಡಮ್ಮ, ನನ್ನ ತಮ್ಮನಿಗೆ ಒಳ್ಳೇ ಕೈ ಇದೆ, ಒಳ್ಳೇ ಕಿವಿ ಇದೆ, ಎರಡಕ್ಕೂ ಮಾತುಕತೆ ನಿಂತು ಇಪ್ಪತ್ತು ವರ್ಷ ಆಯ್ತು ಅಷ್ಟೆ. ಅವನಿಗೆ ಹೇಳ್ಬೇಡ” ಎಂದು ಮೇಡಂ ಬೀರುವಿನ ಎಡಗಡೆ ನಿಂತು ಹೇಳಿದ್ದೂ, “ಅಕ್ಕ ಚಿಕ್ಕವಳಿದ್ದಾಗಲೂ ಬಾಗಿಲನ್ನ ಒದ್ದೇ ತೆಗೀತಿದ್ಲು, ಈಗ ರಾಗನೂ ಹಾಗೇ ತೆಗೀತಾಳೆ. ನಾನು ಹೇಳಿದೆ ಅನ್ನಬೇಡ ಮತ್ತೆ” ಎಂದು ಸರ್ ಬೀರುವಿನ ಬಲಗಡೆ ನಿಂತು ಹೇಳಿದ್ದೂ ನನ್ನ ಹೊಟ್ಟೆಯಲ್ಲಿ ಭದ್ರವಾಗಿದ್ದವು. ಇಂದು ಅವು ಈ ಫಲಕದ ಮೇಲೆ ಬಂದಿರುವುದಕ್ಕೆ ವಿಷಾದಿಸುತ್ತೇನೆ, ಸ್ವಲ್ಪ.

ಇನ್ನು ನನ್ನ ಅಪರಾಧ. ಮೂರು ವಾರದ ಹಿಂದೆ, ಒಂದು ಗುರುವಾರ, ನಲವತ್ತನೆಯ ಬಾರಿನಿಂದ ನಲವತ್ತೆಂಟರವರೆಗೆ, ಎಂದಿನಂತೆ ಒಂದೊಂದನ್ನೇ ಒರೆಸಿ ಬರೆಯದೆ, ಒಮ್ಮೆಗೇ ಒರೆಸಿ ಮುಗಿಸಿದಾಗ ಹಾಳೆಯ ಮೇಲೆ ಆ ಸಾಲು ಬರಿಮೈಯಲ್ಲಿ ನಿಂತಿತ್ತು. ಯಾರ ಗುರುತೂ ಇಲ್ಲದೆ ಅದನ್ನು ನಾನು ಅದೇ ಮೊದಲ ಸಲ ನೋಡಿದೆ. ಎಂಟು ವರ್ಷ ಕೊನೆಯ ಸ್ಟ್ಯಾಂಡಿನಲ್ಲಿ ಕೂತು ಅದನ್ನು ನುಡಿಸಿದ್ದ ತೋಳು ತನ್ನಷ್ಟಕ್ಕೆ ಅಲ್ಲಾಡಿತು. ಅದೊಂದು ಉದ್ದನೆಯ ವಾಕ್ಯ. ಮೇಡಂ ಅವರು ಅದರ ಮೊದಲ ಮಾತಿಗೇ ಒತ್ತು ಕೊಡುತ್ತಿದ್ದರು, ಸರ್ ಅವರು ಕೊನೆಯ ಮಾತಿಗೆ, ನನಗೋ ಅದರ ನಡುವೆ ಎಲ್ಲೋ ಒಂದು ಅಲ್ಪವಿರಾಮವಿದೆ ಎಂದು ಮೊದಲಿನಿಂದಲೂ ಅನ್ನಿಸುತ್ತಿತ್ತು. ಎರಡು ಸ್ವರ ಒಂದೇ ಎಳೆತದಲ್ಲಿ, ಮೂರು ಸ್ವರ ಒಂದೇ ತಳ್ಳಿನಲ್ಲಿ, ಅಲ್ಲೊಂದು ಕೂದಲೆಳೆಯ ತಡೆ, ಆಮೇಲೆ ಮುಂದಕ್ಕೆ. ಬರೆದುಬಿಟ್ಟೆ. ಹದಿನೈದು ಪ್ರತಿಗಳಲ್ಲೂ ಬರೆದೆ. ಮನೆಗೆ ಹೋಗಿ ಊಟ ಮಾಡದೆ ಮಲಗಿದೆ.

ಶುಕ್ರವಾರ ಸರ್ ಆ ಸಾಲನ್ನು ಕೇಳಿ ಕೋಲು ಕೆಳಗಿಟ್ಟರು. ನನ್ನ ಕೆಲಸ ಹೋಯಿತೆಂದುಕೊಂಡೆ. ಅವರು ಹತ್ತಿರ ಬಂದು, “ಕೊನೆಗೂ ಅಕ್ಕ ಬಗ್ಗಿದ್ಲು ನೋಡು. ಏನೂ ಹೇಳೋಕೆ ಹೋಗಬೇಡ, ಮುಜುಗರ ಪಟ್ಕೊಳ್ತಾಳೆ” ಎಂದು ಕಣ್ಣು ಒರೆಸಿಕೊಂಡರು. ಮಂಗಳವಾರ ಮೇಡಂ ಅದೇ ಸಾಲನ್ನು ಎರಡು ಸಲ ಕೇಳಿಸಿಕೊಂಡು, “ನನ್ನ ತಮ್ಮ ದೊಡ್ಡವನಾದ” ಎಂದರು, ಐವತ್ತಾರು ವರ್ಷದ ತಮ್ಮನ ಬಗ್ಗೆ. ನಾನು ನಕಲು ಮಾಡಿದ್ದು ಇನ್ನೊಬ್ಬರ ಗುರುತನ್ನೆಂದು ಇಬ್ಬರೂ ಭಾವಿಸಿದಿರಿ. ಯಾರದೆಂದು ನನ್ನನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮೂರು ವಾರ ಈ ಕಟ್ಟಡದಲ್ಲಿ ಎಂದೂ ಕಾಣದ ಸಂಗತಿಗಳು ನಡೆದವು. ಮೇಡಂ ತಮ್ಮ ಫ್ಲಾಸ್ಕಿನ ಚಹಾವನ್ನು ಸರ್ ಅವರಿಗೆ ಮೊದಲು ಬಗ್ಗಿಸಿದರು. ಸರ್ ಅವರು ಮೇಡಂ ಅವರ ಚೀಲ ಹೊತ್ತು ಮೂರು ಮಹಡಿ ಇಳಿದರು. ಬೀರುವಿನ ಎಡಗಡೆಯೂ ಬಲಗಡೆಯೂ ಖಾಲಿ ಬಿದ್ದವು. ನನಗೆ ಸ್ವಲ್ಪ ಬೇಜಾರೇ ಆಯಿತು ಎಂದರೆ ತಾವು ನಂಬಬೇಕು.

ಇಂದು ತಾವಿಬ್ಬರೂ ಸೇರಿ ನಡೆಸಿದ ಮೊದಲ ತಾಲೀಮು. ನಲವತ್ತೊಂದನೆಯ ಬಾರು ಬಂದಿತು. ಚೋಟುದ್ದದ ಹುಡುಗಿ, ಹಾಳೆಯಲ್ಲಿ ಕಂಡದ್ದನ್ನು ಕಂಡಂತೆ ನುಡಿಸುವ ಪ್ರಾಮಾಣಿಕಳಾದ್ದರಿಂದ, ತೂತಿನಲ್ಲಿ ಇಣುಕುತ್ತಿದ್ದ, ಕುದುರೆ ಓಟದ ವೇಗದ ಮುಂದಿನ ತುಣುಕಿನ ಸ್ವರವನ್ನೇ ಇದ್ದಬದ್ದ ಶಕ್ತಿಯೆಲ್ಲ ಹಾಕಿ ಬಾರಿಸಿದಳು. ಇಬ್ಬರೂ ಧಾವಿಸಿ ಬಂದು ಒಂದೇ ಹಾಳೆಯ ಮೇಲೆ ಬಗ್ಗಿದಿರಿ. ಆಮೇಲಿನದನ್ನು ಇಡೀ ಕೋಣೆ ಕೇಳಿತು.

“ಎಷ್ಟು ಉಜ್ಜಿಸಿದ್ದೀಯೋ ಬೀರುವಿನ ಹುಡುಗಿ ಕೈಲಿ! ಆದ್ರೂ ನಿನ್ನ ಗುರುತು ಚೆನ್ನಾಗಿದೆ ಕಣೋ.”

“ನಂದಾ? ನಿಂದಲ್ವಾ ಅಕ್ಕಾ?”

“ನಂದಾಗಿದ್ರೆ ನೀನು ಮೂರು ವಾರ ಸುಮ್ನಿರ್ತಿದ್ಯಾ?”

ಕೋಣೆಯಲ್ಲಿ ಪೆನ್ಸಿಲ್ ಇದ್ದ ಮೂರನೆಯವಳು ನಾನೊಬ್ಬಳೇ. ನಾಲ್ಕು ಕಣ್ಣು ನನ್ನ ಕಡೆ ತಿರುಗಿದವು. ನಾನು ಮನಸ್ಸಿನಲ್ಲಿ ಮೂರು ಪ್ಯಾರಾದ ಕ್ಷಮಾಪಣೆ ಸಿದ್ಧಪಡಿಸಿಕೊಂಡಿದ್ದೆ. ಅದನ್ನು ಕೇಳುವ ಸೌಜನ್ಯವನ್ನೂ ತೋರದೆ ಮೇಡಂ ಅವರು ಕೋಲನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದರು. ತಾವಿಬ್ಬರೂ ವಾದ್ಯಗಳ ಕಪಾಟಿನಿಂದ ತಲಾ ಒಂದು ವಿಯೋಲಾ ತೆಗೆದುಕೊಂಡು, ಪರೀಕ್ಷೆಯೆಂದು ಬಾರದಿದ್ದ ಮಕ್ಕಳ ಜಾಗದಲ್ಲಿ, ಕೊನೆಯ ಸ್ಟ್ಯಾಂಡಿಗೆ ಹೋಗಿ ಕೂತಿರಿ. ನಾನು ಎಲ್ಲಿಂದ ಶುರು ಎಂದು ಹೇಳಿದೆ. ಹೇಳಿದೆನೆಂದು ನನಗೆ ಗೊತ್ತು, ಬೇರೆ ಯಾರಿಗೂ ಗೊತ್ತಾಗಲಿಲ್ಲ. ಹಿಂದಿನ ಮೂಲೆಯಲ್ಲಿ ಆಳೆತ್ತರದ ಡಬಲ್ ಬಾಸ್ ನುಡಿಸುವವರ ಕಡೆಯಿಂದ, “ಅಕ್ಕಾ, ಸ್ವಲ್ಪ ಜೋರಾಗಿ, ನಾವು ಇನ್ನೊಂದು ಊರಲ್ಲಿದ್ದೀವಿ” ಎಂದು ಕೂಗಿದರು. ಕೋಲೆತ್ತಿದೆ.

ಆಗ ಕಂಡದ್ದನ್ನು ತಮ್ಮ ಗಮನಕ್ಕೆ ತರುವುದು ನನ್ನ ಕರ್ತವ್ಯ. ಇಪ್ಪತ್ತೆಂಟು ಮಕ್ಕಳ ಕಮಾನುಗಳು ಬರೆದಂತೆ ಹೋಗುತ್ತಿದ್ದವು. ಕೊನೆಯ ಸ್ಟ್ಯಾಂಡಿನಲ್ಲಿ ಮಾತ್ರ, ಒಂದೇ ಹಾಳೆಯ ಮುಂದೆ, ಭುಜಕ್ಕೆ ಭುಜ ತಾಗಿಸಿಕೊಂಡು ಕೂತಿದ್ದ ಇಬ್ಬರಲ್ಲಿ ಒಬ್ಬರು ಎಳೆಯುತ್ತಿದ್ದರು, ಇನ್ನೊಬ್ಬರು ತಳ್ಳುತ್ತಿದ್ದರು. ಅಂಗಡಿಯವರು ಬೇರೆ ಸೋಪು ಕೊಟ್ಟರೆ ಅದನ್ನೇ ತಂದು ಬಳಸುವವಳು ನಾನು. ಅಂಥ ನಾನು ಆರ್ಕೆಸ್ಟ್ರಾ ನಿಲ್ಲಿಸಿ, “ಕೊನೆಯ ಸಾಲಿನವರು ದಯವಿಟ್ಟು ಹಾಳೆ ನೋಡಿ ನುಡಿಸಬೇಕು” ಎಂದೆ. ಈ ಸಲ ಡಬಲ್ ಬಾಸಿನವರಿಗೂ ಕೇಳಿಸಿತು. ಮಕ್ಕಳು ಬಿದ್ದು ಬಿದ್ದು ನಕ್ಕರು, ತಾವು ಇಬ್ಬರೂ ಕಿವಿಯವರೆಗೆ ಕೆಂಪಾಗಿ “ಸಾರಿ” ಎಂದಿರಿ, ಒಟ್ಟಿಗೆ. ಮತ್ತೆ ನುಡಿಸಿದೆವು. ಆ ತಡೆಯ ಜಾಗದಲ್ಲಿ ಮೂವತ್ತೂ ಕಮಾನುಗಳು ತಂತಿಯ ಮೇಲೆ ಒಂದು ಕ್ಷಣ ನಿಂತು ನನ್ನನ್ನು ನೋಡಿದವು. ಎಂಟು ವರ್ಷ ಹಿಂದಿನಿಂದ ಕೇಳಿದ್ದ ಸಾಲು ಮುಂದಿನಿಂದ ಹೇಗೆ ಕೇಳುತ್ತದೆಂದು ನನಗೆ ಯಾರೂ ಎಚ್ಚರಿಸಿರಲಿಲ್ಲ. ಇದೂ ನನ್ನ ದೂರಿನ ಒಂದು ಭಾಗ.

“ನಾನು ನಡೆಸಿದ್ರೆ ಅವನ ಕೈ ತುರಿಸುತ್ತೆ, ಅವನು ನಡೆಸಿದ್ರೆ ನನ್ನ ನಾಲಿಗೆ. ಇವಳೇ ನಡೆಸಲಿ, ಇಲ್ಲಾಂದ್ರೆ ಆ ತುಣುಕೇ ಬೇಡ” ಎಂದು ಮೇಡಂ ತೀರ್ಪಿತ್ತದ್ದು ಆಮೇಲೆ. ಇದನ್ನು ಮನೆಗೆ ಫೋನ್ ಮಾಡಿ ತಿಳಿಸಿದಾಗ ನಮ್ಮ ಅಮ್ಮ, “ನೀನಾ? ಫೋನಲ್ಲಿ ಹಲೋ ಅನ್ನೋಕೂ ನನ್ನ ಕೈಗೆ ಕೊಡ್ತಿದ್ದವಳು!” ಎಂದು ಐದು ನಿಮಿಷ ನಕ್ಕು, ಯಾವ ಸಾಲಿನಲ್ಲಿ ಕೂತರೆ ಚೆನ್ನಾಗಿ ಕಾಣುತ್ತದೆಂದು ವಿಚಾರಿಸಿದರು. ಆದ್ದರಿಂದ ತಾವು ಕೆಳಗಿನ ಏರ್ಪಾಡುಗಳನ್ನು ಕೂಡಲೇ ಮಾಡಿಕೊಡಬೇಕೆಂದು ಬೇಡುತ್ತೇನೆ: ಸಭಿಕರ ಕುರ್ಚಿಗಳನ್ನೆಲ್ಲ ಗೋಡೆಯ ಕಡೆಗೆ ತಿರುಗಿಸಿಡುವುದು, ಸಾಧ್ಯವಾಗದಿದ್ದರೆ ಬೀರುವಿನ ಬಾಗಿಲನ್ನು ಒಂದು ಗೇಣು ತೆರೆದು, ಒಳಗಿನಿಂದ ನನ್ನ ಕೈಯೊಂದೇ ಹೊರಗೆ ಕಾಣುವಂತೆ ವೇದಿಕೆಗೆ ಸಾಗಿಸುವುದು, ಅದೂ ಆಗದಿದ್ದರೆ ಭಾನುವಾರವನ್ನು ಈ ವಾರದ ಮಟ್ಟಿಗೆ ರದ್ದು ಮಾಡುವುದು. ಇವುಗಳಲ್ಲಿ ಒಂದೂ ತಮ್ಮಿಂದ ಆಗಲಾರದೆಂದು ನನಗೆ ಗೊತ್ತು. ನಾನು ಬೇಡವೆಂದರೆ ಮಾತ್ರ ತಾವು ಆ ತುಣುಕನ್ನು ಖಂಡಿತ ತೆಗೆದುಹಾಕುತ್ತೀರೆಂಬುದೂ, ಆಗ ಮೂವತ್ತು ಮಕ್ಕಳು ಕಲಿತ ಆ ಸಾಲು ಯಾರಿಗೂ ಕೇಳಿಸದೆ ಹಾಳೆಯಲ್ಲೇ ಉಳಿಯುತ್ತದೆಂಬುದೂ ಗೊತ್ತು.

ಆರಕ್ಕೆ ಇನ್ನು ಇಪ್ಪತ್ತು ನಿಮಿಷವಿದೆ. ಮಕ್ಕಳೆಲ್ಲ ಹೋದ ಮೇಲೆ ಹದಿನೈದು ಪ್ರತಿಗಳನ್ನೂ ಹರಡಿಕೊಂಡು ಕೂತೆ. ತೂತಿಗೆ ಹಿಂದಿನಿಂದ ಕಾಗದ ಅಂಟಿಸಿ, ಐದು ಗೆರೆ ಎಳೆದು, ಕಳೆದುಹೋಗಿದ್ದ ಸ್ವರವನ್ನು ಬರೆದೆ. ಆಮೇಲೆ ನಲವತ್ತರಿಂದ ನಲವತ್ತೆಂಟರವರೆಗಿನ ನನ್ನ ಎಲ್ಲ ಗುರುತುಗಳ ಮೇಲೆ, ಒಂದೊಂದಾಗಿ, ಕಪ್ಪು ಮಸಿಯ ಪೆನ್ನು ಓಡಿಸಿದ್ದೇನೆ. ಮಸಿ ಒಣಗಿದೆ. ಭಾನುವಾರ ಅರ್ಧ ಗಂಟೆ ಮುಂಚೆ ಬರುತ್ತೇನೆ.

ಎಂದಿನಂತೆ ತಮ್ಮ ವಿಶ್ವಾಸಿ,
ಹಾಳೆಗಳ ಬೀರುವಿನವಳು

ಹೇಳಲು ಮರೆತದ್ದು: ಪರೀಕ್ಷೆ ಮುಗಿಯದ ಇಬ್ಬರು ಮಕ್ಕಳು ಭಾನುವಾರವೂ ಬರುವುದಿಲ್ಲವಂತೆ, ವಿಯೋಲಾದ ಕೊನೆಯ ಸ್ಟ್ಯಾಂಡನ್ನು ತಮ್ಮಿಬ್ಬರಿಗೇ ಕಾದಿರಿಸಿದ್ದೇನೆ. ಒಳಗಿನ ಕುರ್ಚಿ ಯಾರದೆಂದು ತಾವೇ ಮಾತಾಡಿಕೊಳ್ಳಿ, ನನ್ನ ಮೂಲಕ ಬೇಡ. ಪೆನ್ಸಿಲ್ ತರುವ ಅಗತ್ಯವಿಲ್ಲ.