ಸೋಮವಾರದ ದನಿ, ಶನಿವಾರದ ದನಿ

ಮೆಲ್ಲಗೆ ಬಾರಿಸುವುದೂ ಒಂದು ವಿದ್ಯೆ ಎಂದು ಮೊದಲೇ ಗೊತ್ತಿದ್ದರೆ ನಮ್ಮ ಟೈಲರು ಬಡಾವಣೆಯ ಬ್ಯಾಂಡಿನ ಹತ್ತಿರವೂ ಸುಳಿಯುತ್ತಿರಲಿಲ್ಲ. ಅವನು ಸೇರಿದ್ದೇ ದೊಡ್ಡ ಡ್ರಮ್ಮಿನ ಆಸೆಗೆ. ಮನೆಯಲ್ಲಿ ತುಟಿ ಬಿಚ್ಚಲು ಸಂದು ಸಿಗದ ಮಹಾಪುರುಷ, ಅಲ್ಲಿ ಮೊದಲ ಪೆಟ್ಟಿಗೇ ಭೂಮಿ ಆಕಾಶ ಒಂದು ಮಾಡುತ್ತಿದ್ದ.

"ಕ್ರೆಸೆಂಡೊ ಅಂದ್ರೆ ಜೋರು ಅಲ್ಲ ಕಣಯ್ಯಾ, ಜೋರಾಗ್ತಾ ಹೋಗೋದು" ಎಂದು ಬ್ಯಾಂಡ್ ಮಾಸ್ತರರು ಹೇಳಿ ಹೇಳಿ ಸೋತಿದ್ದರು. "ಮೊದಲನೇ ಮೆಟ್ಟಿಲಲ್ಲೇ ಮಹಡಿ ಮುಟ್ಟಿದ್ರೆ ಆಮೇಲೆ ಎಲ್ಲಿಗೆ ಹತ್ತುತ್ತೀಯ?"

ಭಾನುವಾರದ ಕಾರ್ಯಕ್ರಮದಲ್ಲಿ ಅವನ ಪಾಲಿಗೆ ಹನ್ನೆರಡು ಪೆಟ್ಟು. ಮೊದಲನೆಯದು ಕೇಳಿಯೂ ಕೇಳದಂತಿರಬೇಕು, ಹನ್ನೆರಡನೆಯದಕ್ಕೆ ಕಿಟಕಿಯ ಗಾಜು ನಡುಗಬೇಕು. ತಪ್ಪಿದರೆ ಡ್ರಮ್ಮು ಎದುರಂಗಡಿಯ ಕ್ಷೌರಿಕನಿಗೆ ಎಂದು ಮಾಸ್ತರರು ಖಡಾಖಂಡಿತವಾಗಿ ಹೇಳಿಬಿಟ್ಟರು. ಟೈಲರಿಗೆ ಊಟ ಸೇರಲಿಲ್ಲ. (ಕ್ಷೌರಿಕ ಆಗಲೇ ಬಾಚಣಿಗೆಯಿಂದ ಕುರ್ಚಿಯ ಮೇಲೆ ತಾಳ ಹಾಕುತ್ತಿದ್ದನಂತೆ.)

ಆ ಸೋಮವಾರ ಅಡುಗೆಮನೆಯಲ್ಲಿ ಹೆಂಡತಿ, ನಲ್ಲಿ ಸೋರುತ್ತಿದೆ ಎಂದು ತನ್ನಷ್ಟಕ್ಕೇ ಅಂದುಕೊಂಡಳು. ಮಂಗಳವಾರ ಅದನ್ನೇ ಗೋಡೆಗೆ ಹೇಳಿದಳು, ಗಂಡನಿಗೆ ಕೇಳುವ ಹಾಗೆ. ಬುಧವಾರ ನೇರವಾಗಿ ಗಂಡನಿಗೇ ಹೇಳಿದಳು. ಟೈಲರು ಕತ್ತರಿ ಕೆಳಗಿಟ್ಟ. ಇಪ್ಪತ್ತು ವರ್ಷದಿಂದ ಇದೇ ಕ್ರಮವಲ್ಲವೇ! ಗುರುವಾರ ಬೈಗುಳದಲ್ಲಿ ಅವನ ವಂಶದವರೆಲ್ಲ ಬರುತ್ತಾರೆ, ಶುಕ್ರವಾರ ಪಕ್ಕದ ಮನೆಯವರಿಗೂ ಕೇಳುತ್ತದೆ, ಶನಿವಾರ ಅವನು ಎದ್ದು ಸ್ಪ್ಯಾನರ್ ಹುಡುಕುತ್ತಾನೆ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತಾಗಿತ್ತು ಅವನ ಕಥೆ.

ದಿನಕ್ಕೆ ಎರಡು ಪೆಟ್ಟು, ಆರು ದಿನಕ್ಕೆ ಹನ್ನೆರಡು. ಲೆಕ್ಕ ಕೂದಲೆಳೆಯಷ್ಟೂ ತಪ್ಪಲಿಲ್ಲ. ಉಳಿದ ದಿನ ಅವನು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಹಿಡಿದು, ಹೆಂಡತಿಯ ದನಿ ಏರಿದಷ್ಟೂ ಮೇಜಿನ ಮೇಲೆ ಗೆರೆ ಉದ್ದ ಮಾಡುತ್ತಾ ಭಕ್ತಿಯಿಂದ ಕೇಳಿದ. ಗಂಡ ಇಷ್ಟು ಗಮನವಿಟ್ಟು ಕೇಳುವುದನ್ನು ಕಂಡು ಅವನಿಗೆ ಜ್ವರವೇನಾದರೂ ಬಂದಿದೆಯೇ ಎಂದು ಆಕೆಗೆ ಭಯವಾಯಿತು. ಶನಿವಾರ ನಲ್ಲಿ ರಿಪೇರಿಯಾಯಿತು.

ಭಾನುವಾರ ವೇದಿಕೆಯ ಮೇಲೆ ಸೋಮವಾರದ ಎರಡು ಪೆಟ್ಟು ನಿಟ್ಟುಸಿರಿನ ಹಾಗೆ ಬಂದವು. ಮಾಸ್ತರರ ಹುಬ್ಬು ಮೇಲೇರಿತು. ಮಂಗಳವಾರ, ಬುಧವಾರ... ಶುಕ್ರವಾರದ ಹೊತ್ತಿಗೆ ಕ್ಷೌರಿಕನ ಮುಖ ಸಪ್ಪಗಾಗಿತ್ತು. ಶನಿವಾರದ ಮೊದಲ ಪೆಟ್ಟು ಗುಡುಗಿತು. ಇನ್ನು ಒಂದೇ ಒಂದು. ಇಡೀ ಬ್ಯಾಂಡು ಅದಕ್ಕಾಗಿ ಉಸಿರು ಹಿಡಿದು ನಿಂತಿತು.

ಆದರೆ ಇಪ್ಪತ್ತು ವರ್ಷದ ಅಭ್ಯಾಸ ಕೇಳಬೇಕಲ್ಲ! ಟೈಲರು ಕೋಲು ಕೆಳಗಿಟ್ಟು, ಎದ್ದು ನಿಂತು, "ಸ್ಪ್ಯಾನರ್ ಎಲ್ಲಿಟ್ಟಿದೀಯೇ?" ಎಂದುಬಿಟ್ಟ.

ಸಭೆಯ ಮುಂದಿನ ಸಾಲಿನಲ್ಲಿದ್ದ ಹೆಂಡತಿ, ತನ್ನ ವಾರವನ್ನು ತಾನೇ ಗುರುತು ಹಿಡಿದಿದ್ದಳೋ ಏನೋ, ಎರಡೇ ಹೆಜ್ಜೆಗೆ ವೇದಿಕೆ ಹತ್ತಿ ಕೋಲು ಎತ್ತಿಕೊಂಡು ಹನ್ನೆರಡನೆಯದನ್ನು ಬಾರಿಸಿದಳು. ಕಿಟಕಿಯ ಗಾಜು ನಡುಗಿತು. ಮಾಸ್ತರರು ಆಕೆಗೆ ಕೈಮುಗಿದರು.

ಡ್ರಮ್ಮು ಕ್ಷೌರಿಕನ ಪಾಲಾಗಲಿಲ್ಲ, ಅದೊಂದು ಸಮಾಧಾನ. ಈಗ ಅದು ಟೈಲರ ಮನೆಯಲ್ಲೇ, ಬಟ್ಟೆ ಕತ್ತರಿಸುವ ಮೇಜಿನ ಮೇಲೇ ಕೂತಿದೆ, ಹೆಂಡತಿಯ ಅಭ್ಯಾಸಕ್ಕೆ. ಮೊನ್ನೆ ಸಂಜೆ ಅವನು ಬಾಗಿಲಲ್ಲಿ ನಿಂತು, "ಹಸಿವಾಗ್ತಿದೆ ಕಣೇ" ಎಂದು ಸಣ್ಣಗೆ ಹೇಳಿದ.

ಆಕೆ ತಾಳ ತಪ್ಪಿಸದೆ, ತಲೆಯನ್ನೂ ಎತ್ತದೆ ಉತ್ತರ ಕೊಟ್ಟಳು: "ಇದಿನ್ನೂ ಸೋಮವಾರದ ದನಿ ಕಣ್ರೀ. ಶನಿವಾರದ್ದು ಬರಲಿ, ಏಳ್ತೀನಿ."