ಚಿಕ್ಕಪ್ಪನ ಕಂಪೈಲ್ ಪುರಾಣ

ನಮ್ಮ ಚಿಕ್ಕಪ್ಪ ಮನುಷ್ಯರ ಜೊತೆ ಜಗಳವಾಡಿ ಸಾಕಾಗಿ ಕಂಪ್ಯೂಟರ್ ಜೊತೆ ಜಗಳಕ್ಕಿಳಿದಿದ್ದರು! ಕೊಳ್ಳೇಗಾಲದಲ್ಲಿ ಕಂಪ್ಯೂಟರ್ ಕಲಿಸಿ ನಿವೃತ್ತರಾಗಿ ಹತ್ತಿರದ ಅಗರದಲ್ಲಿ ನೆಲೆಸಿದ ಮೇಲೆ ಅವರ ಬೈಗುಳ ಇಡೀ ಬೀದಿಗೆ ಕೇಳುತ್ತಿತ್ತು. ಬೈಸಿಕೊಳ್ಳುತ್ತಿದ್ದದ್ದು ಯಾರು? ನಾವು ಬರೆದ ಪ್ರೋಗ್ರಾಮನ್ನು ಕಂಪ್ಯೂಟರಿಗೆ ತಿಳಿಯುವಂತೆ ತಿರುಗಿಸಿ ಕೊಡುವ ಕಂಪೈಲರ್!

ಚಿಕ್ಕಮ್ಮನಿಗೆ ಗಂಟಲ ಆಪರೇಷನ್ ಆಗಿ ಮಾತು ಹೋಗಿತ್ತು. ಹೋಗುತ್ತದೆಂದು ಡಾಕ್ಟರು ಮೊದಲೇ ಹೇಳಿದ್ದರಿಂದ ಚಿಕ್ಕಪ್ಪ ಹೆಂಡತಿಯನ್ನು ಕೂರಿಸಿಕೊಂಡು ಅನ್ನ, ನೀರು, ನೋವು ಎಂದು ಒಂದೊಂದೇ ಮಾತು ಹೇಳಿಸಿ ರೆಕಾರ್ಡ್ ಮಾಡಿಟ್ಟಿದ್ದರು. ಪರದೆಯ ಮೇಲಿನ ಗುಂಡಿ ಒತ್ತಿದರೆ ಚಿಕ್ಕಮ್ಮನದೇ ದನಿ ಬರಬೇಕು. ಆದರೆ ದನಿ ನುಡಿಸುವ ಹಳೆಯ ಪ್ರೋಗ್ರಾಮು ಸಿ ಎಂಬ ಕಂಪ್ಯೂಟರ್ ಭಾಷೆಯದು, ಗುಂಡಿಗಳ ಹೊಸ ಪ್ರೋಗ್ರಾಮು ಪೈಥಾನ್ ಎಂಬ ಇನ್ನೊಂದು ಭಾಷೆಯದು. ಒಂದು ಹೇಳಿದ್ದು ಇನ್ನೊಂದಕ್ಕೆ ತಿಳಿಯದು. ನಡುವೆ ಸೇತುವೆಯಂಥ ಪ್ರೋಗ್ರಾಮೊಂದು ಕಂಪೈಲ್ ಆಗಬೇಕು. ಅದು ಆಗುತ್ತಲೇ ಇರಲಿಲ್ಲ!

ಕಂಪೈಲರ್ ಬದಲಿಸಿದರು, ಪೈಥಾನ್ ಬದಲಿಸಿದರು. ಕೊನೆಗೆ ಸಿಪಿಯು ಹೊತ್ತು ಕೊಳ್ಳೇಗಾಲದ ರಿಪೇರಿ ಅಂಗಡಿಗೆ ಬಸ್ಸು ಹತ್ತಿದರು.

"ಸೀಟ್ ಮ್ಯಾಲೆ ಮಡಗಿದ್ದೀರಲ್ಲ ಸಾ, ಇದ್ಕೂ ಟಿಕೀಟ್ ತಕತೀರಾ?" ಎಂದ ಕಂಡಕ್ಟರು.

"ಕೊಡಪ್ಪ. ಇದು ನಮ್ಮನೆಯವ್ಳ ಗಂಟ್ಲು!"

ಕಂಡಕ್ಟರು ಮತ್ತೆ ಆ ಕಡೆ ಸುಳಿಯಲಿಲ್ಲ. ಅಂಗಡಿಯವನು ಮಿಷಿನ್ ಚೆನ್ನಾಗಿಯೇ ಇದೆ ಎಂದು ವಾಪಸು ಕಳಿಸಿದ.

ಆಮೇಲೆ ನಾನು ಹೋಗಿ ನೋಡಿದೆ. ಪರದೆ ತುಂಬ ತಪ್ಪುಗಳ ಸಾಲು. ಚಿಕ್ಕಪ್ಪ ಯಾವಾಗಲೂ ಕೊನೆಯ ಸಾಲು ಓದಿ ಬೈಯುತ್ತಿದ್ದರು. ಅಲ್ಲಿ 'ಆಗಲಿಲ್ಲ' ಎಂದಷ್ಟೇ ಇರುತ್ತದೆ. ಮೊದಲ ಸಾಲಿಗೆ ಹೋದರೆ, ಫೋಲ್ಡರಿನ ಹೆಸರಿರಬೇಕಾದ ಕಡೆ ಬರೀ ಪ್ರಶ್ನೆ ಗುರುತುಗಳು! ಕಂಪೈಲರಿಗೆ ಕನ್ನಡ ಓದಲು ಬಂದಿರಲಿಲ್ಲ. ಚಿಕ್ಕಪ್ಪ ಫೋಲ್ಡರಿಗೆ ಕನ್ನಡದಲ್ಲಿ ಚಿಕ್ಕಮ್ಮನ ಹೆಸರಿಟ್ಟಿದ್ದರು: ಪುಟ್ಟತಾಯಮ್ಮ. ಬಾಯಿಬಿಟ್ಟು ಆ ಹೆಸರು ಕರೆದವರೇ ಅಲ್ಲ, "ಲೇ, ಇವ್ಳೇ" ಎಂದೇ ಸಂಸಾರ ಮಾಡಿದವರು!

"ಚಿಕ್ಕಪ್ಪ, ಇಂಗ್ಲಿಷಲ್ಲಿ ಎ ಬಿ ಸಿ ಅಂತ ಮಡಗಿ, ಸರಿಯೋಯ್ತದೆ."

"ಅವ್ಳ ಎಸ್ರು ತೆಗ್ದು ಎ ಬಿ ಸಿ ಅನ್ನಾದಾ? ಓಗ್ಲಾ!"

ಪಕ್ಕದಲ್ಲೇ ಇದ್ದ ಚಿಕ್ಕಮ್ಮ ಕಣ್ಣಲ್ಲೇ ಗದರಿದರು. ಚಿಕ್ಕಪ್ಪ ತೆಪ್ಪಗೆ ಬದಲಿಸಿದರು. ಕಂಪೈಲ್ ಆಯಿತು.

ಚಿಕ್ಕಮ್ಮ ಗುಂಡಿಗಳಲ್ಲಿ ಏನನ್ನೋ ಹುಡುಕಿದರು. ಸಿಗಲಿಲ್ಲ. ಕೊನೆಗೆ ಒಂದನ್ನು ಒತ್ತಿದರು. "ನೀರು" ಎಂದಿತು ಅವರ ದನಿ. ಚಿಕ್ಕಪ್ಪ ಓಡಿಹೋಗಿ ಲೋಟ ತಂದರು. ಚಿಕ್ಕಮ್ಮ ಬೇಡವೆಂದು ತಲೆಯಾಡಿಸಿ ಗಂಡನತ್ತ ಬೆರಳು ತೋರಿಸಿದರು.

ಚಿಕ್ಕಪ್ಪ ಲೋಟ ಕೆಳಗಿಟ್ಟರು. "ನನ್ನ ಕರೀತಾವ್ಳೆ ಕಣ್ಲಾ. ರೆಕಾರ್ಡ್ ಮಾಡುವಾಗ ಪ್ರತಿ ಮಾತಾದ್ಮೇಲೂ 'ಏನೂಂದ್ರೆ, ಸರಿ ಬಂತಾ' ಅಂತ ನನ್ನ ಕರ್ದು ಕೇಳ್ತಿದ್ಲು. ಕಸ ಅಂತ ಅದ್ನೆಲ್ಲಾ ಕತ್ರಿಸಿ ಅಳಿಸ್ಬುಟ್ಟೆ."

ಅಳಿಸಿದ್ದು ಮತ್ತೆ ಸಿಗಲಿಲ್ಲ. ಯಾವ ಕಂಪೈಲರನ್ನು ಬೈದು ಏನು ಪ್ರಯೋಜನ? ಈಗ ಆ ಮನೆಯಿಂದ ಬೈಗುಳ ಕೇಳುವುದಿಲ್ಲ. ಕಂಪ್ಯೂಟರ್ "ನೀರು" ಎಂದಾಗ ಚಿಕ್ಕಪ್ಪ ಬರಿಗೈಯಲ್ಲಿ ಎದ್ದುಹೋಗಿ, "ಏನೇ, ಪುಟ್ಟತಾಯಿ?" ಎಂದು ಪಕ್ಕದಲ್ಲಿ ಕೂರುತ್ತಾರೆ.