ದಿನಕ್ಕೆರಡು ಸಲ ಏಳುವವನು

ಬೆಳಿಗ್ಗೆ ಏಳುವುದು ದಿನಕ್ಕೆ ಒಂದೇ ಸಲ ಮಾಡುವ ಕೆಲಸ ಅಂತ ಎಲ್ಲರೂ ತಿಳಿದಿದ್ದಾರೆ. ನನ್ನ ವಿಷಯದಲ್ಲಿ ಹಾಗಲ್ಲ. ನಾನು ಎದ್ದು, ಹಲ್ಲುಜ್ಜಿ, ಸ್ನಾನ ಮಾಡಿ, ಬಸ್ಸು ಹತ್ತಿ ಅರ್ಧ ದಾರಿ ಹೋದ ಮೇಲೆ ಹಾಸಿಗೆಯಲ್ಲಿ ನನಗೆ ಇನ್ನೊಂದು ಸಲ ಎಚ್ಚರವಾಗುತ್ತದೆ. ಮೊದಲನೆಯದು ಕನಸು, ಎರಡನೆಯದು ನಿಜ. ಒಂದು ಸಲ ಆದದ್ದಾದರೆ ಮರೆತುಬಿಡಬಹುದಿತ್ತು. ನಾವು ಚೆನ್ನೈಯಲ್ಲಿದ್ದ ಅಷ್ಟೂ ವರ್ಷ ಇದು ಆಗುತ್ತಲೇ ಇತ್ತು.

1. ಕಿಟಕಿ ಪಕ್ಕದ ಸೀಟು

ನಾನು ಎಣ್ಣೂರಿನ ಒಂದು ಕಾರ್ಖಾನೆಯಲ್ಲಿ ಬಾಯ್ಲರ್ ಆಪರೇಟರ್. ಮನೆ ಕೋಡಂಬಾಕ್ಕಂನಲ್ಲಿ. ಆರು ಗಂಟೆಯ ಪಾಳಿಗೆ ಕಂಪನಿ ಬಸ್ಸು ನಮ್ಮ ಬೀದಿಯ ತುದಿಗೆ ನಾಲ್ಕೂ ಮುಕ್ಕಾಲಿಗೇ ಬರುತ್ತಿತ್ತು.

ಬಾಯ್ಲರನ್ನು ಒಂದು ನಿಮಿಷವೂ ಒಂಟಿಯಾಗಿ ಬಿಡುವಂತಿಲ್ಲ. ಬೆಳಗಿನ ಪಾಳಿಯವನು ಬಂದು ಲಾಗ್ ಬುಕ್ಕಿನಲ್ಲಿ ಸಹಿ ಹಾಕುವ ತನಕ ರಾತ್ರಿ ಪಾಳಿಯವರು ಮನೆಗೆ ಹೋಗುವಂತಿಲ್ಲ. ಅಂದರೆ ನಾನು ಎದ್ದರೆ ಮಾತ್ರ ಅವರು ಮಲಗಬಹುದು. ರಾತ್ರಿ ಪಾಳಿಯಲ್ಲಿ ಸಾಮಾನ್ಯವಾಗಿ ಇರುತ್ತಿದ್ದವರು ಒಬ್ಬರು ಹಿರಿಯ ತಮಿಳರು. ನನ್ನನ್ನು 'ತಂಬಿ', ಅಂದರೆ ತಮ್ಮ, ಅನ್ನುತ್ತಿದ್ದರು. ಅವರ ಮಾತೆಲ್ಲ ತಮಿಳೇ, ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಸೇರಿದ ಎರಡನೇ ವಾರ. ಅಲಾರಂ ಬಡಿಯಿತು, ಎದ್ದೆ. ಹೆಂಡತಿ ನಗುನಗುತ್ತಾ ಕಾಫಿ ತಂದು ಕೈಗೆ ಕೊಟ್ಟಳು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ತಂಪು ಗಾಳಿ. ಕಾರ್ಖಾನೆಗೆ ಹೋಗಿ ಸಹಿ ಹಾಕಿ ಹಿರಿಯರನ್ನು ಮನೆಗೆ ಕಳಿಸಿಯೂ ಆಯಿತು. ಆಮೇಲೆ ಯಾರೋ ಭುಜ ಅಲುಗಾಡಿಸಿದರು.

"ಏನ್ರೀ, ಡ್ಯೂಟಿಗೆ ಹೋಗಲ್ವಾ? ಏಳು ಗಂಟೆ ಆಯ್ತು!"

"ಡ್ಯೂಟಿಯಲ್ಲೇ ಇದೀನಲ್ಲೇ" ಅಂದೆ, ಕಣ್ಣು ಬಿಡದೆ.

ಮೂರು ಬಸ್ಸು ಬದಲಾಯಿಸಿ ಹೋಗಿ ಮುಟ್ಟಿದಾಗ ಒಂಬತ್ತೂಕಾಲು. ಹಿರಿಯರು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು, ಕಣ್ಣು ಕೆಂಪಾಗಿತ್ತು. ನಾಚಿಕೆಯಿಂದ ಭೂಮಿಗಿಳಿದು ಹೋದೆ. ಸುಳ್ಳು ಹೇಳುವ ಮನಸ್ಸಾಗದೆ ನಡೆದದ್ದನ್ನೇ ಹೇಳಿದೆ.

ಅವರು ಬೈಯಲಿಲ್ಲ. "ಪರವಾಗಿಲ್ಲ ತಂಬಿ, ಕನಸಿನಲ್ಲೂ ಕೆಲಸಕ್ಕೇ ಬಂದೆಯಲ್ಲ. ಇಲ್ಲಿ ಎದ್ದು ಬಂದವರೇ ನಿದ್ದೆ ಮಾಡ್ತಾರೆ" ಅಂದರು.

2. ಏಳು ಕೊಡ ನೀರು

ಆ ವರ್ಷ ಊರಿಗೆ ಊರೇ ನೀರಿಲ್ಲದೆ ಒಣಗಿತ್ತು. ನಲ್ಲಿಯಲ್ಲಿ ಗಾಳಿ ಬಿಟ್ಟು ಏನೂ ಬರುತ್ತಿರಲಿಲ್ಲ. ಎರಡು ದಿನಕ್ಕೊಂದು ಸಲ ಬೆಳಗಿನ ಜಾವ ಐದಕ್ಕೆ ಬೀದಿಗೆ ನೀರಿನ ಲಾರಿ ಬರುತ್ತಿತ್ತು. ಒಂದು ಮನೆಗೆ ಏಳು ಪ್ಲಾಸ್ಟಿಕ್ ಕೊಡ. ನನಗೆ ಮಧ್ಯಾಹ್ನದ ಪಾಳಿ ಇದ್ದ ವಾರ ನೀರು ಹಿಡಿಯುವ ಕೆಲಸ ನನ್ನದು.

ಲಾರಿ ಹಾರ್ನ್ ಹೊಡೆಯಿತು. ನಾನು ಧಡಕ್ಕನೆ ಎದ್ದು ಸಾಲಿನಲ್ಲಿ ಮೊದಲನೆಯವನಾಗಿ ನಿಂತು, ಏಳೂ ಕೊಡ ತುಂಬಿಸಿ, ಮಹಡಿ ಹತ್ತಿಸಿ, ಬೆವರು ಒರೆಸಿಕೊಂಡು ಮಲಗಿದೆ. ಹೆಂಡತಿ ಮಗ್ಗುಲು ಬದಲಾಯಿಸಿ, "ತುಂಬಿಸಿದ್ರಾ?" ಅಂತ ಕೇಳಿದಳು. "ಏಳೂ ತುಂಬ್ತು" ಅಂದೆ. ಅವಳೂ ನೆಮ್ಮದಿಯಾಗಿ ಮಲಗಿದಳು.

ಬೆಳಕಾದ ಮೇಲೆ ನೋಡಿದರೆ ಏಳೂ ಕೊಡ ಬಾಗಿಲ ಪಕ್ಕದಲ್ಲಿ ಬೋರಲು ಬಿದ್ದಿದ್ದವು. ಹೆಂಡತಿ ಅವನ್ನು ನೋಡಿದಳು, ನನ್ನನ್ನು ನೋಡಿದಳು. ಕೈ ನೋಯುತ್ತಿದೆ ಎಂದು ನಾನು ನಿಜಕ್ಕೂ ಭುಜ ಉಜ್ಜಿಕೊಳ್ಳುತ್ತಿದ್ದೆ.

ಕೆಳಗಿನ ಮನೆಯ ಮಾಮಿ, ನಮ್ಮ ಮನೆಯೊಡತಿ, ಮೂರು ತಲೆಮಾರಿನಿಂದ ಮದ್ರಾಸಿನಲ್ಲೇ ಇದ್ದ ಕನ್ನಡದವರು, ಅವರ ಕನ್ನಡದಲ್ಲಿ ಅರ್ಧ ತಮಿಳು. "ನಾ ಎರಡು ಸಲ ಕದ ತಟ್ಟಿದೆ ಪಾ! ನೀವೇ ಒಳಗಿಂದ, 'ಆಯ್ತು ಮಾಮಿ, ಆಗಲೇ ತುಂಬಿಸಿಯಾಚು' ಅಂದ್ರಿ. ಲಾರಿ ಹೊರಟು ಪೋಯಾಚು" ಅಂದರು.

ಪುಣ್ಯಾತ್ಗಿತ್ತಿ, ತಮ್ಮ ಪಾಲಿನಿಂದ ಎರಡು ಕೊಡ ತಂದು ನಮ್ಮ ಮುಂದೆ ಇಟ್ಟರು. ನಾನು ಕೈ ಮುಗಿದೆ.

"ಮೊದಲು ಒಳಗೆ ಕೈಬಿಟ್ಟು ನೋಡ್ಕೊಳ್ಳಿ. ಇದು ನಿಜಮಾನ ನೀರು" ಅಂದರು.

3. ಕನಸಿನ ಸ್ನಾನ

ಇದಕ್ಕೊಂದು ಮದ್ದು ಹುಡುಕಬೇಕಲ್ಲ. ಒಂದು ವಾರಪತ್ರಿಕೆಯಲ್ಲಿ ಓದಿದೆ: ಕನಸೋ ನಿಜವೋ ಅಂತ ಅನುಮಾನ ಬಂದರೆ ದೀಪದ ಸ್ವಿಚ್ ಒತ್ತಿ ನೋಡಿ, ಹತ್ತದಿದ್ದರೆ ಕನಸು. ಕನಸಿನ ಒಳಗಿರುವಾಗಲೇ ಅದು ಕನಸೆಂದು ಗೊತ್ತಾಗಿಬಿಟ್ಟರೆ ಮತ್ತೆ ನೀವೇ ರಾಜ, ಹಾರಬಹುದು, ಬೇಕಾದ್ದು ಮಾಡಬಹುದು.

ಸ್ವಿಚ್ಚಿನ ಪರೀಕ್ಷೆ ನಮ್ಮ ಮನೆಗೆ ಒಗ್ಗಲಿಲ್ಲ. ಮೊದಲ ದಿನವೇ ಕರೆಂಟು ಹೋಗಿತ್ತು. ಕನಸೆಂದುಕೊಂಡು ಆರಾಮಾಗಿ ಕೂತೆ, ಬಸ್ಸು ಹೋಯಿತು.

ಕೊನೆಗೆ ನಾನೇ ಒಂದು ಪರೀಕ್ಷೆ ಕಂಡುಕೊಂಡೆ. ನಮ್ಮ ಮಗಳಿಗೆ ಆಗ ಐದು ವರ್ಷ. ನಾವು ಎಷ್ಟು ಕನ್ನಡ ಮಾತಾಡಿದರೂ ಅವಳ ಉತ್ತರ ತಮಿಳಿನಲ್ಲೇ. ನನಗೆ ಇದು ಒಳಗೊಳಗೇ ಕೊರೆಯುತ್ತಿತ್ತು. ಒಂದು ದಿನ ಬೆಳಿಗ್ಗೆ ಎದ್ದು ಹಲ್ಲುಜ್ಜುತ್ತಿದ್ದೆ. ಮಗಳು ಬಂದು, "ಅಪ್ಪಾ, ನಿಮಗೆ ಬಿಸಿನೀರು ಕಾದಿದೆ, ಬನ್ನಿ" ಅಂದಳು. ಅಚ್ಚ ಕನ್ನಡ, ಅದೂ ಬಹುವಚನ! ತಕ್ಷಣ ಗೊತ್ತಾಯಿತು, ಇದು ಕನಸು.

ಹಾರಬಹುದಿತ್ತು. ಸಮುದ್ರದ ಮೇಲೊಂದು ಸುತ್ತು ಹೊಡೆಯಬಹುದಿತ್ತು. ನಾನು ಬಚ್ಚಲಿಗೆ ಹೋಗಿ ನಲ್ಲಿಯನ್ನು ಪೂರ್ತಿ ತಿರುಗಿಸಿದೆ. ನೀರು ಧೋ ಅಂತ ಬಂತು. ಯಾರ ಹಂಗೂ ಇಲ್ಲದೆ ಬಕೆಟ್ ಮೇಲೆ ಬಕೆಟ್ ತಲೆ ಮೇಲೆ ಸುರಿದುಕೊಂಡೆ. ಅಂಥ ಸುಖ ಆ ವರ್ಷ ಇನ್ನೆಲ್ಲೂ ಸಿಗಲಿಲ್ಲ.

ಎಚ್ಚರವಾದಾಗ ಹೆಂಡತಿ ಪಕ್ಕದಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು. "ನಿದ್ದೆಯಲ್ಲಿ ಒಬ್ಬರೇ ನಗ್ತಿದ್ರಲ್ಲ, ಯಾಕೆ?"

ಎಲ್ಲ ಹೇಳಿದೆ. ಅವಳ ಮುಖ ಸಣ್ಣಗಾಯಿತು.

"ಅಷ್ಟು ನೀರು ಬರ್ತಿತ್ತು, ಏಳು ಕೊಡ ಹಿಡಿದಿಡೋಕ್ಕೆ ಆಗ್ಲಿಲ್ವಾ ನಿಮಗೆ?"

4. ರೇಷ್ಮೆ ಪಂಚೆ

ಹಿರಿಯರ ಮಗಳಿಗೆ ಗಂಡು ಗೊತ್ತಾಯಿತು. ಎರಡು ಕಡೆ ಮುರಿದುಬಿದ್ದು ಮೂರನೆಯದು ಕೂಡಿಬಂದಿತ್ತು. ನಿಶ್ಚಿತಾರ್ಥದ ತಾಂಬೂಲದ ತಟ್ಟೆ ಬದಲಾಯಿಸುವುದು ಸೋಮವಾರ ಬೆಳಿಗ್ಗೆ. ಏಳೂವರೆಗೆ ರಾಹುಕಾಲ ಶುರು, ಅಷ್ಟರೊಳಗೆ ಮುಗಿಯಬೇಕು. ಗಂಡಿನ ತಂದೆ ಮಹಾ ಕಟ್ಟುನಿಟ್ಟಿನವರು. ಇವರಿಗೆ ಭಾನುವಾರ ರಾತ್ರಿ ಪಾಳಿ, ಒಬ್ಬ ಆಪರೇಟರ್ ರಜೆಯಲ್ಲಿದ್ದದ್ದರಿಂದ ಬದಲಿಗೆ ಯಾರೂ ಇಲ್ಲ. ಬೆಳಿಗ್ಗೆ ಬಿಡಿಸಬೇಕಾದವನು ನಾನು.

"ತಂಬಿ, ಇಷ್ಟು ದಿನ ಒಂದು ಮಾತು ಆಡಿಲ್ಲ. ಸೋಮವಾರ ಮಾತ್ರ ಆರಕ್ಕೆ ಸರಿಯಾಗಿ ಬಂದುಬಿಡು" ಅಂತ ಕೈ ಹಿಡಿದುಕೊಂಡರು. ಬಂದೇ ಬರ್ತೀನಿ ಅಂದೆ. ಮನೆಯಲ್ಲಿ ಹೆಂಡತಿಗೂ ಹೇಳಿದೆ. ಈ ಸಲ ಕನಸಿಗೆ ಮೋಸಹೋಗಬಾರದು ಅಂತ ಶಪಥ ಮಾಡಿ ಮಲಗಿದೆ.

ಸೋಮವಾರ ಅಲಾರಂ ಬಡಿಯಿತು. ಕಣ್ಣು ಬಿಟ್ಟರೆ ಹೆಂಡತಿ ಆಗಲೇ ಎದ್ದು, ನಗುನಗುತ್ತಾ ಕಾಫಿ ಹಿಡಿದು ನಿಂತಿದ್ದಾಳೆ! ಅವತ್ತಿನ ಕನಸೂ ಹೀಗೇ ಶುರುವಾಗಿತ್ತು. ಬೀದಿಗೆ ಬಂದರೆ ಟೀ ಅಂಗಡಿಯಲ್ಲಿ ಕಿರೀಟ, ಗದೆ ಸಮೇತ ಒಬ್ಬ ಮಹಾರಾಜ ಟೀಯಲ್ಲಿ ಬನ್ ಅದ್ದಿಕೊಂಡು ತಿನ್ನುತ್ತಿದ್ದ. ಕೋಡಂಬಾಕ್ಕಂನಲ್ಲಿ ಧಾರಾವಾಹಿ ಚಿತ್ರೀಕರಣಕ್ಕೆ ಬಂದವನಿರಬೇಕು ಅಂತ ಬೇರೆ ದಿನವಾದರೆ ಹೊಳೆಯುತ್ತಿತ್ತು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಖಾಲಿ. ಕಾರ್ಖಾನೆಗೆ ಹೋದರೆ, ಬಾಯ್ಲರಿನ ಮುಂದೆ ಹಿರಿಯರು ಜರಿ ಅಂಚಿನ ರೇಷ್ಮೆ ಪಂಚೆ ಉಟ್ಟು, ಹಣೆಗೆ ಗಂಧ ಇಟ್ಟುಕೊಂಡು ನಿಂತಿದ್ದಾರೆ. ಇನ್ನೇನು ಅನುಮಾನ ಉಳಿಯಿತು?

"ಬಂದೆಯಾ ತಂಬಿ! ಐದೂ ಐವತ್ತು! ಹಾಕು ಸಹಿ" ಅಂತ ಲಾಗ್ ಬುಕ್ ಚಾಚಿದರು.

"ಹಾಕಲ್ಲ ಸಾರ್" ಅಂದೆ.

"ಏನು?"

"ನಾನಿನ್ನೂ ಮನೆಯಲ್ಲಿ ಮಲಗಿದೀನಿ. ಇಲ್ಲಿ ಸಹಿ ಹಾಕಿದರೆ ನೆಮ್ಮದಿಯಾಗಿ ಇನ್ನೂ ಎರಡು ಗಂಟೆ ನಿದ್ದೆ ಹೋಗ್ತೀನಿ, ನೀವು ಅಲ್ಲಿ ಕಾಯ್ತಾ ಕೂರಬೇಕು. ನಿಮ್ಮ ಒಳ್ಳೆಯದಕ್ಕೇ ಹೇಳ್ತಿರೋದು. ಮೊದಲು ನಾನು ಏಳಬೇಕು." ಹೀಗಂದು ಕುರ್ಚಿಯಲ್ಲಿ ಕೂತು ಕಣ್ಣು ಬಿಗಿಯಾಗಿ ಮುಚ್ಚಿ ಏಳಲು ಶುರುಮಾಡಿದೆ.

ಅವರು ಚಿವುಟಿದರು. ಕನಸಿನಲ್ಲೂ ನೋಯುತ್ತದೆ ಅಂದೆ. ಮುಖಕ್ಕೆ ನೀರು ಎರಚಿದರು. ಕನಸಿನಲ್ಲಿ ಇದಕ್ಕಿಂತ ಜಾಸ್ತಿ ನೀರು ಬರುತ್ತೆ ಅಂದೆ. ಗಡಿಯಾರ ಆರೂ ಹತ್ತು ತೋರಿಸುತ್ತಿತ್ತು.  ಕೊನೆಗೆ ಅವರು ಫೋನ್ ಎತ್ತಿ ನಮ್ಮ ಮನೆಗೆ ಹಚ್ಚಿ, ನನ್ನ ಹೆಂಡತಿಗೆ ವಿಷಯ ಹೇಳಿ, ನನ್ನ ಕಿವಿಗೆ ಒತ್ತಿದರು.

"ಏನ್ರೀ ಇದು! ಮೂರು ಗಂಟೆಗೆ ಎದ್ದು ಕಾಫಿ ಮಾಡಿ ಕಳಿಸಿದ್ದಕ್ಕೆ ಕನಸು ಅಂತೀರಾ? ಅವರ ಮಗಳ ಮದುವೆ ನಿಂತರೆ ನಿಮ್ಮ ಮುಖ ನೋಡಲ್ಲ ನಾನು!"

ಬೈಗುಳ ನಿಜದ ಹಾಗೇ ಇತ್ತು. ಆದರೂ ಈ ದಿನ ಮೋಸಹೋಗಬಾರದಲ್ಲ. "ಮಗೂಗೆ ಫೋನ್ ಕೊಡು" ಅಂದೆ. ಎಬ್ಬಿಸುವ ಸದ್ದು, ಗೊಣಗಾಟ. ಆಮೇಲೆ ನಿದ್ದೆಗಣ್ಣಿನ ದನಿ:

"ಅಪ್ಪಾ, ಎನಕ್ಕು ತೂಕ್ಕಂ ವರುದು. ನೀ ಫೋನ್ ವೆಯ್ಯಿ!" ನನಗೆ ನಿದ್ದೆ ಬರುತ್ತಿದೆ, ನೀನು ಫೋನಿಡು ಅಂತ. ಅಚ್ಚ ತಮಿಳು, ಅದೂ ಏಕವಚನ.

ನನ್ನ ಮಗಳ ತಮಿಳು ಕೇಳಿ ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ. ಜಿಗಿದೆದ್ದು ಸಹಿ ಹಾಕಿದೆ. ಹಿರಿಯರು ಪಂಚೆ ಎತ್ತಿ ಕಟ್ಟಿ ಓಡಿದರು.

ರಾಹುಕಾಲಕ್ಕೆ ಐದು ನಿಮಿಷ ಮೊದಲು ತಟ್ಟೆ ಬದಲಾಯಿತಂತೆ. ಮಾರನೆಯ ದಿನ ಅವರು ನನಗೆ ಮೈಸೂರುಪಾಕು ಕೊಟ್ಟು, ಗೋಡೆಯ ಮೇಲಿನ ತುರ್ತು ನಂಬರುಗಳ ಹಲಗೆಯ ಹತ್ತಿರ ಹೋದರು. ಬೆಂಕಿ ಬಿದ್ದರೆ ಒಂದು, ಪೆಟ್ಟಾದರೆ ಇನ್ನೊಂದು. ಅವುಗಳ ಕೆಳಗೆ ನಮ್ಮ ಮನೆಯ ನಂಬರು ಬರೆದು, ಪಕ್ಕದಲ್ಲಿ ದೊಡ್ಡ ಅಕ್ಷರದಲ್ಲಿ ಸೇರಿಸಿದರು: 'ಆಪರೇಟರ್ ಎದ್ದಿಲ್ಲದಿದ್ದರೆ ಮಗಳನ್ನು ಕರೆಯಿರಿ.'